ನೌಕರಿಯೊಡನೆ ವಿಮೆಯೂ ಹೋಗಬೇಕೆ?

ಆರೋಗ್ಯ ವಿಮೆಯ ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಪ್ರೀಮಿಯಂ ದರ ಮತ್ತು ತೆರಿಗೆಗಳಿಗೆ ಸೀಮಿತವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ರದ್ದಾದಾಗ ಮಧ್ಯಮ ವರ್ಗದವರು ಸಮಾಧಾನಪಟ್ಟರು. ಅದೇ ವರ್ಷದ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಒಮ್ಮೆಲೇ ಜಾರಿಗೆ ಬಂದಾಗ ಗ್ರಾಚ್ಯುಯಿಟಿಯ ಬಗ್ಗೆ, ನೇಮಕಾತಿ ಪತ್ರದ ಬಗ್ಗೆ, ಕೆಲಸದಿಂದ ತೆಗೆದುಹಾಕುವ ಮಾಲಕರ ಅಧಿಕಾರದ ಬಗ್ಗೆ ವಾದವಿವಾದಗಳಾದವು. ಈ ಎರಡು ಸುದ್ದಿಗಳು ಸಂಧಿಸುವ ಜಾಗದಲ್ಲಿ ಒಂದು ಪ್ರಶ್ನೆಯಿದೆ. ಅದನ್ನು ಕೇಳಿದವರು ವಿರಳ. ನೌಕರಿಯ ಮೂಲಕ ದೊರೆತ ವಿಮೆ ನೌಕರಿ ಹೋದ ಮರುದಿನ ಏನಾಗುತ್ತದೆ?

ಉತ್ತರ ಸರಳ. ಅದು ಇಲ್ಲವಾಗುತ್ತದೆ. ಖಾಸಗಿ ಸಂಸ್ಥೆಗಳು ತಮ್ಮ ನೌಕರರಿಗೆ ಕೊಡಿಸುವುದು ಗುಂಪು ವಿಮೆ. ಪಾಲಿಸಿ ಇರುವುದು ಸಂಸ್ಥೆಯ ಹೆಸರಿನಲ್ಲಿ. ನೌಕರ, ಆತನ ಪತ್ನಿ, ಮಕ್ಕಳು, ಕೆಲವೆಡೆ ವೃದ್ಧ ತಂದೆತಾಯಿ ಅದರ ಪಟ್ಟಿಯಲ್ಲಿರುವ ಹೆಸರುಗಳು ಮಾತ್ರ. ನೌಕರ ಕೆಲಸ ಬಿಟ್ಟೊಡನೆ ಸಾಮಾನ್ಯವಾಗಿ ಆ ಕೊನೆಯ ದಿನದಿಂದಲೇ ಹೆಸರುಗಳನ್ನು ಪಟ್ಟಿಯಿಂದ ಕೈಬಿಡಲಾಗುತ್ತದೆ. ಉಳಿದ ತಿಂಗಳುಗಳ ಪ್ರೀಮಿಯಂ ಲೆಕ್ಕಹಾಕಿ ಸಂಸ್ಥೆಗೆ ಹಿಂದಿರುಗುವುದೂ ಉಂಟು. ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಕೆಲಸ ಪುನರಾರಂಭಿಸುವ ಸಂಸ್ಥೆಗಳು ತಮ್ಮ ಕೆಲಸಗಾರರಿಗೆ ವೈದ್ಯಕೀಯ ವಿಮೆ ಮಾಡಿಸುವುದು ಕಡ್ಡಾಯವೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತ್ತು. ವಿಮೆಯೊಳಗೆ ಬರುವುದಕ್ಕೆ ಹೀಗೆ ಆಜ್ಞೆಯಾಯಿತು. ಹೊರಗೆ ಹೋಗುವವನ ವಿಷಯದಲ್ಲಿ ಆಜ್ಞೆ ಏನೂ ಹೇಳಲಿಲ್ಲ.

ಐವತ್ತೆರಡು ವರ್ಷದ ಒಬ್ಬ ನೌಕರನನ್ನು ಭಾವಿಸಿಕೊಳ್ಳೋಣ. ಹನ್ನೆರಡು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದವನು. ಈ ಮಧ್ಯೆ ಸಕ್ಕರೆ ಕಾಯಿಲೆ ಬಂದಿದೆ, ಹೃದಯಕ್ಕೆ ಒಂದು ಸ್ಟೆಂಟ್ ಹಾಕಿಸಿದ್ದಾನೆ. ಗುಂಪು ವಿಮೆಯಲ್ಲಿ ಸಾಧಾರಣವಾಗಿ ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆ ಇರುವುದರಿಂದ ಆತ ಬೇರೆ ಪಾಲಿಸಿಯ ಯೋಚನೆ ಮಾಡಲಿಲ್ಲ. ಸಂಸ್ಥೆ ಸಿಬ್ಬಂದಿ ಕಡಿತ ಮಾಡುವಾಗ ಈತನ ಸರದಿ ಬಂತು. ರಜೆಗಳು ಹೆಚ್ಚಾಗಿದ್ದುದೇ ಕಾರಣವಿರಲೂಬಹುದು. ಈಗ ಹೊಸದಾಗಿ ವಿಮೆ ಕೇಳಿಕೊಂಡು ಹೋದರೆ ಮೊದಲಿನಿಂದ ಇರುವ ಕಾಯಿಲೆಗಳಿಗೆ 36 ತಿಂಗಳವರೆಗೆ ಕಾಯುವ ಅವಧಿ ವಿಧಿಸಬಹುದು. ಅಥವಾ ವಿಮಾ ಕಂಪೆನಿ ಅರ್ಜಿಯನ್ನೇ ನಿರಾಕರಿಸಬಹುದು. ಆರೋಗ್ಯವಾಗಿದ್ದಾಗ ಹನ್ನೆರಡು ವರ್ಷ ಇದ್ದ ಕೊಡೆ ಮಳೆ ಸುರಿಯತೊಡಗಿದಾಗ ಕೈಯಲ್ಲಿ ಇಲ್ಲ.

ಇಲ್ಲಿ ಒಂದು ತಾತ್ತ್ವಿಕ ತಪ್ಪು ಅಡಗಿದೆಯೆಂದು ನನ್ನ ಅಭಿಪ್ರಾಯ. ಒಂದು ವಸ್ತುವಿನ ಸ್ವರೂಪಕ್ಕೂ ಅದಕ್ಕೆ ಬಂದು ಸೇರುವ, ಸೇರಿ ಹೋಗುವ ಆಗಂತುಕ ಗುಣಕ್ಕೂ ಅರಿಸ್ಟಾಟಲನು ಭೇದ ಕಲ್ಪಿಸಿದ್ದಾನೆ. ಮನುಷ್ಯನಿಗೆ ದೇಹವಿರುವುದು, ಆ ದೇಹ ರೋಗಕ್ಕೆ ಈಡಾಗುವುದು ಅವನ ಸ್ವರೂಪಕ್ಕೆ ಸೇರಿದ್ದು. ಆತ ಇಂಥ ಸಂಸ್ಥೆಯಲ್ಲಿ ಇಂಥ ಹುದ್ದೆಯಲ್ಲಿರುವುದು ಆಗಂತುಕ. ಸ್ವರೂಪಕ್ಕೆ ಬೇಕಾದ ರಕ್ಷಣೆಯನ್ನು ಆಗಂತುಕವಾದುದಕ್ಕೆ ಕಟ್ಟಿಹಾಕಿದರೆ ಆಗುವುದು ಹೀಗೆಯೇ. ಪೋಪ್ ಇಪ್ಪತ್ತಮೂರನೆಯ ಜಾನ್ ಅವರು 1963ರಲ್ಲಿ ಹೊರಡಿಸಿದ ‘ಪಾಚೆಮ್ ಇನ್ ತೆರ್ರಿಸ್’ ಪರಿಪತ್ರ ಕಾಯಿಲೆಯಲ್ಲಿಯೂ ನಿರುದ್ಯೋಗದಲ್ಲಿಯೂ ರಕ್ಷಣೆ ಪಡೆಯುವುದನ್ನು ವ್ಯಕ್ತಿಯ ಹಕ್ಕುಗಳ ಸಾಲಿನಲ್ಲಿ ಸೇರಿಸಿತು. ಹಕ್ಕು ವ್ಯಕ್ತಿಯದು, ಹುದ್ದೆಯದಲ್ಲ.

ಹುದ್ದೆಗೆ ವಿಮೆಯನ್ನು ಕಟ್ಟುವ ಪದ್ಧತಿ ಅತ್ಯಂತ ಬಲವಾಗಿ ಬೇರೂರಿದ್ದು ಅಮೆರಿಕದಲ್ಲಿ. ಅದು ಯಾರೂ ಆಲೋಚಿಸಿ ರೂಪಿಸಿದ ನೀತಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಕಾಯಿದೆಯ ಮೂಲಕ, ಅಲ್ಲಿನ ಸರಕಾರ ವೇತನ ಏರಿಕೆಗೆ ಕಡಿವಾಣ ಹಾಕಿತು. ಕೆಲಸಗಾರರ ಅಭಾವ, ಸಂಬಳ ಹೆಚ್ಚಿಸುವಂತಿಲ್ಲ. ಆದುದರಿಂದ ಮಾಲಕರು ಆಸ್ಪತ್ರೆ ವಿಮೆಯ ಆಮಿಷ ಒಡ್ಡಿದರು. 1954ರಲ್ಲಿ ಅದಕ್ಕೆ ತೆರಿಗೆ ವಿನಾಯಿತಿಯೂ ಶಾಶ್ವತವಾಯಿತು. ಯುದ್ಧ ಮುಗಿದರೂ ಯುದ್ಧಕಾಲದ ಏರ್ಪಾಡು ಉಳಿಯಿತು. ಕೆಲಸ ಕಳೆದುಕೊಂಡವರ ಬವಣೆ ಹೆಚ್ಚಿದಾಗ 1986ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್ ಒಂದು ಕಾಯಿದೆಗೆ ಸಹಿಹಾಕಿದರು. ಅದರ ಉದ್ದನೆಯ ಹೆಸರಿನ ಮೊದಲಕ್ಷರಗಳು ಸೇರಿ ‘ಕೋಬ್ರಾ’ ಎಂದಾಗುತ್ತದೆ. ಹೆಸರು ಹಾವಿನದಾದರೂ ಉದ್ದೇಶ ಒಳ್ಳೆಯದೇ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯನ್ನು ಬಿಟ್ಟವರು ಸಾಮಾನ್ಯವಾಗಿ 18 ತಿಂಗಳವರೆಗೆ ಅದೇ ಗುಂಪು ವಿಮೆಯಲ್ಲಿ ಮುಂದುವರಿಯಬಹುದು. ನಿರ್ಧರಿಸಲು 60 ದಿನಗಳ ಕಾಲಾವಕಾಶ. ಆದರೆ ಅದುವರೆಗೆ ಮಾಲಕ ಭರಿಸುತ್ತಿದ್ದ ಪಾಲೂ ಸೇರಿ ಪೂರ್ಣ ಪ್ರೀಮಿಯಮ್ಮಿನ ಶೇಕಡಾ 102ರವರೆಗೆ ನೌಕರನೇ ಕಟ್ಟಬೇಕು. ಸಂಬಳ ನಿಂತ ತಿಂಗಳೇ ಅಷ್ಟು ಹಣ ಎಲ್ಲಿಂದ ತರುವುದು? ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು 2010ರ ಆರೋಗ್ಯ ಕಾಯಿದೆ. 2014ರಿಂದ ಅಲ್ಲಿ ಹಳೆಯ ಕಾಯಿಲೆಯ ಕಾರಣಕ್ಕೆ ಯಾವ ಕಂಪೆನಿಯೂ ಅಂತಹ ವಿಮೆ ನಿರಾಕರಿಸುವಂತಿಲ್ಲ. ನೌಕರಿಯ ವಿಮೆ ಕಳೆದುಕೊಂಡವರಿಗೆ ಹೊಸ ಪಾಲಿಸಿ ಆರಿಸಿಕೊಳ್ಳಲು ವಿಶೇಷ ಅವಧಿಯೂ ಉಂಟು.

ಭಾರತದ ಕಾನೂನು ಇಷ್ಟು ದೂರ ಬಂದಿಲ್ಲ, ಆದರೆ ಬರಿಗೈಯಲ್ಲೂ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳಂತೆ, ಗುಂಪು ಆರೋಗ್ಯ ವಿಮೆಯಿಂದ ಹೊರಬರುವ ಸದಸ್ಯನು ಅದೇ ವಿಮಾ ಕಂಪೆನಿಯ ವೈಯಕ್ತಿಕ ಅಥವಾ ಕುಟುಂಬ ಪಾಲಿಸಿಗೆ ವರ್ಗಾವಣೆ ಕೋರಬಹುದು. ಇದಕ್ಕೆ ‘ಮೈಗ್ರೇಶನ್’ ಎನ್ನುತ್ತಾರೆ. ಬಳಿಕ ನವೀಕರಣದ ಸಮಯದಲ್ಲಿ ಬೇಕಿದ್ದರೆ ಇನ್ನೊಂದು ಕಂಪೆನಿಗೆ ಹೋಗಬಹುದು. ಅದು ‘ಪೋರ್ಟೆಬಿಲಿಟಿ’, 2011ರಿಂದ ನಮ್ಮಲ್ಲಿದೆ. ಇದರ ನಿಜವಾದ ಬೆಲೆ ಇರುವುದು ಕಾಯುವ ಅವಧಿಯ ಲೆಕ್ಕದಲ್ಲಿ. ಗುಂಪು ವಿಮೆಯಲ್ಲಿ ಎಡೆಬಿಡದೆ ಕಳೆದ ವರ್ಷಗಳನ್ನು, ಹಿಂದೆ ಇದ್ದ ವಿಮಾ ಮೊತ್ತದ ಮಿತಿಯಲ್ಲಿ, ಹೊಸ ಪಾಲಿಸಿಯಲ್ಲಿ ಜಮೆ ಹಿಡಿಯಬೇಕು. ನಮ್ಮ ಐವತ್ತೆರಡರ ನೌಕರನ ಹನ್ನೆರಡು ವರ್ಷಗಳು ಹೀಗೆ ಜಮೆಯಾದರೆ 36 ತಿಂಗಳ ಕಾಯುವಿಕೆ ಅವನಿಗಿಲ್ಲ. ವರ್ಗಾವಣೆ ಕೋರದೆ ಆರು ತಿಂಗಳ ನಂತರ ಹೊಸ ಪಾಲಿಸಿ ಕೊಂಡರೆ ಎಣಿಕೆ ಸೊನ್ನೆಯಿಂದ ಆರಂಭ.

ಆದರೆ ಒಂದು ಮಾತನ್ನು ಮರೆಮಾಚಬಾರದು. ಗುಂಪಿನಿಂದ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸುವಾಗ ಅರ್ಜಿದಾರನ ವಯಸ್ಸು, ಕಾಯಿಲೆಗಳನ್ನು ಪರಿಶೀಲಿಸುವ ಅಧಿಕಾರ ಕಂಪೆನಿಗೆ ಉಳಿದಿದೆ. ಅಂದರೆ ನೌಕರನಿಗಿರುವುದು ಕೇಳುವ ಹಕ್ಕು, ಪಡೆಯುವ ಹಕ್ಕಲ್ಲ. ಈ ಅಧಿಕಾರವನ್ನು ಸಮರ್ಥಿಸುವ ವಾದ ತೀರಾ ಪೊಳ್ಳಲ್ಲ. ಎಲ್ಲರಿಗೂ ಬಾಗಿಲು ತೆರೆದಿಟ್ಟರೆ ಆರೋಗ್ಯವಂತರು ಹೊರಗೆ ಹೋಗಿ ರೋಗಿಗಳು ಮಾತ್ರ ಉಳಿಯುತ್ತಾರೆ, ಪ್ರೀಮಿಯಂ ಏರುತ್ತದೆ, ಕೊನೆಗೆ ವಿಮೆಯೇ ಮುರಿದುಬೀಳುತ್ತದೆ ಎನ್ನುತ್ತಾರೆ. ಅಮೆರಿಕದಲ್ಲಿಯೂ ಕೋಬ್ರಾ ಆರಿಸಿಕೊಂಡವರ ಚಿಕಿತ್ಸಾ ವೆಚ್ಚ ಕೆಲಸದಲ್ಲಿರುವವರ ವೆಚ್ಚಕ್ಕಿಂತ ಅಧಿಕವಾಗಿರುತ್ತಿತ್ತು. ಒಪ್ಪೋಣ. ಆದರೆ ಹನ್ನೆರಡು ವರ್ಷ ಈತನ ಹೆಸರಿನಲ್ಲಿ ಪ್ರೀಮಿಯಂ ಪಡೆದ ಕಂಪೆನಿಗೆ ಆತ ಬೀದಿಯಲ್ಲಿ ಸಿಕ್ಕಿದ ಅಪರಿಚಿತನಲ್ಲ. ಆ ಪ್ರೀಮಿಯಂ ಮಾಲಕನ ದಾನವೂ ಅಲ್ಲ. ಸಂಸ್ಥೆಗೆ ನೌಕರನ ಮೇಲೆ ತಗಲುವ ಒಟ್ಟು ವೆಚ್ಚದಲ್ಲಿ ಅದನ್ನೂ ಸೇರಿಸಿ ತಾನೇ ಸಂಬಳ ಗೊತ್ತುಮಾಡುತ್ತಾರೆ? ಕನಿಷ್ಠ ಐದು ವರ್ಷ ಗುಂಪಿನಲ್ಲಿದ್ದವನನ್ನು ಪರಿಶೀಲನೆಯಿಲ್ಲದೆ ಸೇರಿಸಿಕೊಳ್ಳಬೇಕೆಂಬ ನಿಯಮ ಅಸಾಧ್ಯವೇನಲ್ಲ. 2024ರಲ್ಲಿ ಪ್ರಾಧಿಕಾರವು ಹಳೆಯ ಕಾಯಿಲೆಗಳ ಕಾಯುವ ಅವಧಿಯ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಅರವತ್ತು ತಿಂಗಳು ಸತತವಾಗಿ ನಡೆದ ಪಾಲಿಸಿಯನ್ನು, ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಪ್ರಶ್ನಿಸುವಂತಿಲ್ಲವೆಂದೂ ವಿಧಿಸಿತು. ಅಷ್ಟು ಮಾಡಬಲ್ಲ ಪ್ರಾಧಿಕಾರ ಇದನ್ನೂ ಮಾಡಬಲ್ಲದು.

ಅಲ್ಲಿಯವರೆಗೆ ಕೆಲಸ ಬಿಡುವವರು ತಾವೇ ಎಚ್ಚರ ವಹಿಸುವುದು ಅನಿವಾರ್ಯ. ನೋಟಿಸ್ ಅವಧಿ ನಡೆಯುತ್ತಿರುವಾಗಲೇ, ಹೆಸರು ಪಟ್ಟಿಯಲ್ಲಿರುವಾಗಲೇ, ಲಿಖಿತವಾಗಿ ವರ್ಗಾವಣೆ ಕೋರಬೇಕು. ಮನೆಗೆ ಬರುವ ಕಾರ್ಡಿನಲ್ಲಿ ಹಲವು ವೇಳೆ ಎದ್ದುಕಾಣುವುದು ಮಧ್ಯವರ್ತಿ ಟಿ.ಪಿ.ಎ. ಸಂಸ್ಥೆಯ ಹೆಸರು, ವಿಮಾ ಕಂಪೆನಿ ಯಾವುದೆಂಬುದು ಅನೇಕರಿಗೆ ತಿಳಿದೇ ಇರುವುದಿಲ್ಲ. ಕಂಪೆನಿಯ ಹೆಸರು, ಪಾಲಿಸಿ ಸಂಖ್ಯೆ, ಯಾವ ವರ್ಷದಿಂದ ಸದಸ್ಯತ್ವ, ಯಾವ ಚಿಕಿತ್ಸೆಗೆ ಎಷ್ಟು ಹಣ ಪಡೆದದ್ದು, ಇವನ್ನು ಕಚೇರಿಯಿಂದ ಬರೆಸಿಕೊಳ್ಳಬೇಕು. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡುವುದು ಧರ್ಮವೂ ಅಲ್ಲ, ಜಾಣತನವೂ ಅಲ್ಲ. ಕಂಪೆನಿ ಕಾರಣವಿಲ್ಲದೆ ನಿರಾಕರಿಸಿದರೆ ಮೊದಲು ಕಂಪೆನಿಗೇ ದೂರು ಕೊಟ್ಟು, ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಕಡಿಮೆ ಸಂಬಳದವರ ಸ್ಥಿತಿ ಈ ವಿಷಯದಲ್ಲಿ ವಿಚಿತ್ರವೆನ್ನುವಷ್ಟು ಉತ್ತಮ. 2017ರಿಂದ ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವವರನ್ನು ಒಳಗೊಂಡ ಇ.ಎಸ್.ಐ. ವ್ಯವಸ್ಥೆ 1948ರ ಕಾಯಿದೆಯಲ್ಲಿ ಹುಟ್ಟಿ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದರ ಲೆಕ್ಕಾಚಾರದಲ್ಲಿ ಒಂದು ವಿವೇಕವಿದೆ. ವಂತಿಗೆ ಕಟ್ಟುವ ಆರು ತಿಂಗಳು ಬೇರೆ, ಅದರ ಫಲ ದೊರೆಯುವ ಆರು ತಿಂಗಳು ಬೇರೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನಗಳ ವಂತಿಗೆ ಇರುವವನಿಗೆ ಮುಂದಿನ ಜನವರಿಯಿಂದ ಜೂನ್‌ವರೆಗಿನ ಅವಧಿ ಸಲ್ಲುತ್ತದೆ. ಆದುದರಿಂದ ಆಗಸ್ಟಿನಲ್ಲಿ ಗೇರುಬೀಜದ ಕಾರ್ಖಾನೆ ಬಿಟ್ಟ ಹೆಂಗಸಿಗೆ ಮರುವರ್ಷದ ಜೂನ್‌ವರೆಗೆ ಚಿಕಿತ್ಸೆಯ ಬಾಗಿಲು ಮುಚ್ಚುವುದಿಲ್ಲ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತಿಯ ವಯಸ್ಸಿನಲ್ಲಿ ಹೊರಬಂದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಾವೂ ತಮ್ಮ ಸಂಗಾತಿಯೂ ಇ.ಎಸ್.ಐ. ಚಿಕಿತ್ಸೆ ಮುಂದುವರಿಸಬಹುದೆಂಬ ನಿಯಮವೂ ಬಹುಕಾಲದಿಂದ ಇದೆ. ಆಸ್ಪತ್ರೆಯ ಬಿಲ್ಲಿಗೆ ರಿಯಾಯಿತಿ ಕೋರುವ ಪತ್ರಕ್ಕಾಗಿ ಧರ್ಮಗುರುಗಳ ಬಳಿ ಬರುವ ವೃದ್ಧ ಕಾರ್ಮಿಕರನ್ನು ವಿಚಾರಿಸಿದರೆ ಈ ನಿಯಮದ ಹೆಸರು ಕೇಳಿದವರೇ ಕಡಿಮೆ. ಇ.ಎಸ್.ಐ. ಔಷಧಾಲಯಗಳ ಕುಂದುಕೊರತೆ ಬೇರೆಯೇ ವಿಷಯ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ನಡುವೆ ಸಿಕ್ಕಿಕೊಂಡಿರುವವರು 21,000ದ ಮಿತಿ ದಾಟಿದ, ಆದರೆ ಸ್ವಂತ ವಿಮೆಗೆ ಶಕ್ತಿ ಸಾಲದ ಗುಮಾಸ್ತರು, ಖಾಸಗಿ ಶಾಲೆಯ ಶಿಕ್ಷಕರು, ನರ್ಸುಗಳು. ಆಯುಷ್ಮಾನ್ ಯೋಜನೆಯನ್ನು ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ವಿಸ್ತರಿಸಿದಾಗ ಆದಾಯದ ಮಿತಿಯಿಲ್ಲದೆ ರಕ್ಷಣೆ ಘೋಷಿಸಿದ್ದು 70 ವರ್ಷ ದಾಟಿದವರಿಗೆ. ಅರವತ್ತಕ್ಕೆ ನಿವೃತ್ತನಾದವನು ಹತ್ತು ವರ್ಷ ಕಾಯಬೇಕು. ನಮ್ಮ ರಾಜ್ಯದ ಯೋಜನೆಯಲ್ಲಿ ಬಡತನ ರೇಖೆಗಿಂತ ಮೇಲಿನವರಿಗೆ ಸರಕಾರ ಕೊಡುವುದು ನಿಗದಿತ ಚಿಕಿತ್ಸಾ ದರದ ಶೇಕಡಾ 30 ಮಾತ್ರ. ಉಳಿದುದನ್ನು ರೋಗಿಯೇ ಭರಿಸಬೇಕು.

ಗುಂಪನ್ನು ನೌಕರಿಯಾಚೆಗೂ ಉಳಿಸಿಕೊಳ್ಳಬಹುದೆಂಬುದಕ್ಕೆ ಕರಾವಳಿಯ ಜನರಿಗೆ ಪರಿಚಿತವಾದ ಉದಾಹರಣೆಯೊಂದಿದೆ. ಬ್ಯಾಂಕುಗಳ ತೌರೂರಾದ ಈ ಜಿಲ್ಲೆಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರಿಲ್ಲದ ಊರಿಲ್ಲ. 2015ರ ದ್ವಿಪಕ್ಷೀಯ ಒಪ್ಪಂದದ ನಂತರ ನಿವೃತ್ತರಿಗೂ ಗುಂಪು ವಿಮೆಯ ಅವಕಾಶ ದೊರೆಯಿತು. ಪ್ರೀಮಿಯಂ ಏರುತ್ತಲೇ ಹೋಯಿತೆಂಬ ಅವರ ದೂರು ನ್ಯಾಯವಾದುದು, ಹಣವೂ ಹೆಚ್ಚಾಗಿ ಅವರದೇ ಕಿಸೆಯಿಂದ. ಆದರೂ ಎಪ್ಪತ್ತರ ಹೃದ್ರೋಗಿಯನ್ನು ಯಾರೂ ಪರಿಶೀಲಿಸಿ ಹೊರಗೆ ಕಳುಹಿಸಲಿಲ್ಲ. ಸಂಘಟಿತರಾಗಿದ್ದುದರಿಂದ ಅದು ಸಾಧ್ಯವಾಯಿತು. ಮಾಹಿತಿ ತಂತ್ರಜ್ಞಾನದ ನೌಕರರಿಗೂ ಖಾಸಗಿ ಆಸ್ಪತ್ರೆಯ ನರ್ಸುಗಳಿಗೂ ಇಂತಹ ಬಲವಾದ ಸಂಘವಿಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರಿಗೂ ಈ ವಿಷಯ ಅನ್ವಯಿಸುತ್ತದೆ. ದುಬೈಯಲ್ಲಿ 2013ರ ಕಾಯಿದೆಯಂತೆ ಮಾಲಕರು ನೌಕರರಿಗೆ ಆರೋಗ್ಯ ವಿಮೆ ಮಾಡಿಸಲೇಬೇಕು. ವೀಸಾ ರದ್ದಾಗಿ ಊರಿಗೆ ಮರಳಿದವನಿಗೆ ಆ ವಿಮೆಯಿಂದ ಇಲ್ಲಿ ಪ್ರಯೋಜನವಿಲ್ಲ. ಅಲ್ಲಿನ ಇಪ್ಪತ್ತು ವರ್ಷಗಳನ್ನು ಇಲ್ಲಿನ ಕಂಪೆನಿ ಜಮೆ ಹಿಡಿಯುವುದೂ ಇಲ್ಲ. ರಜೆಯಲ್ಲಿ ಬಂದಾಗ, ಆರೋಗ್ಯವಾಗಿರುವಾಗಲೇ, ಊರಿನಲ್ಲಿ ಚಿಕ್ಕದಾದರೂ ಒಂದು ಪಾಲಿಸಿ ಆರಂಭಿಸಿ ನವೀಕರಿಸುತ್ತ ಬಂದವರ 36 ತಿಂಗಳು ಅವರು ಮರಳುವಷ್ಟರಲ್ಲಿ ಕಳೆದಿರುತ್ತದೆ.