ಕುಲಪತಿಗಳು ಯಾರಿಗೆ ಲೆಕ್ಕ ಒಪ್ಪಿಸಬೇಕು?

ವಿಶ್ವವಿದ್ಯಾನಿಲಯಗಳ ಮೇಲಿನ ಅಧಿಕಾರ ಯಾರದೆಂಬ ವಿವಾದ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾನಿಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಗಳನ್ನೇ ಕುಲಾಧಿಪತಿಗಳನ್ನಾಗಿ ಮಾಡುವ ಮಸೂದೆಗೆ ನಮ್ಮ ವಿಧಾನಮಂಡಲ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಮರುತಿಂಗಳೇ ವಿಶ್ವವಿದ್ಯಾಲಯ ಅನುದಾನ ಆಯೋಗವು, ಕುಲಪತಿಗಳ ಶೋಧನಾ ಸಮಿತಿ ರಚಿಸುವ ಅಧಿಕಾರವನ್ನು ಕುಲಾಧಿಪತಿಗಳಿಗೆ ವಹಿಸುವ ಕರಡು ನಿಯಮಗಳನ್ನು ಪ್ರಕಟಿಸಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ವಿರೋಧಿಸಿದವು. ನೇಮಿಸುವವರು ಯಾರೆಂಬುದೇ ಇಲ್ಲಿನ ಜಗ್ಗಾಟ. ನೇಮಕಗೊಂಡವರು ಯಾರಿಗೆ ಉತ್ತರದಾಯಿಗಳೆಂದು ಕೇಳುವವರು ವಿರಳ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಪ್ರಕಾರ ಶೋಧನಾ ಸಮಿತಿಯು ಮೂವರ ಹೆಸರುಗಳನ್ನು ಸೂಚಿಸುತ್ತದೆ. ಕುಲಾಧಿಪತಿಗಳು ಸರ್ಕಾರದ ಸಹಮತದೊಂದಿಗೆ ಅವರಲ್ಲೊಬ್ಬರನ್ನು ನೇಮಿಸುತ್ತಾರೆ. ಅರ್ಹತೆ, ಸಮಾನತೆ, ಸಾಮಾಜಿಕ ನ್ಯಾಯಗಳೇ ಮಾನದಂಡವೆಂದು ಕಾನೂನು ಹೇಳುತ್ತದೆ. ಆದರೆ ಮೂವರಲ್ಲಿ ಇವರೇ ಏಕೆ ಎಂಬ ಕಾರಣ ಸಾರ್ವಜನಿಕರಿಗೆ ತಿಳಿಯುವುದಿಲ್ಲ. ಕಾರಣ ಮರೆಯಲ್ಲಿರುವೆಡೆ ವಶೀಲಿ ಸುಲಭವಾಗಿ ನುಸುಳುತ್ತದೆ. ಸಿಂಡಿಕೇಟಿಗೆ ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರ ವಿಷಯದಲ್ಲಿಯೂ ಇದೇ ಮಾತು.

ಕೇರಳದ ಕಣ್ಣೂರು ವಿಶ್ವವಿದ್ಯಾಲಯದ ಕುಲಪತಿಗಳ ಮರುನೇಮಕವನ್ನು ಸರ್ವೋಚ್ಚ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ರದ್ದುಗೊಳಿಸಿತು. ಅಲ್ಲಿ ನೇಮಕಾತಿ ಆದೇಶ ಹೊರಟದ್ದು ಕುಲಾಧಿಪತಿಗಳಿಂದಲೇ. ಆದರೆ ಅವರು ಸ್ವಂತ ವಿವೇಚನೆಯನ್ನು ಬದಿಗಿಟ್ಟು ಸರ್ಕಾರದ ಒತ್ತಾಯಕ್ಕೆ ಮಣಿದರೆಂಬುದೇ ದೋಷವಾಯಿತು. ಅಧಿಕಾರ ರಾಜಭವನದಲ್ಲಿರಲಿ, ವಿಧಾನಸೌಧದಲ್ಲಿರಲಿ, ಅದನ್ನು ಚಲಾಯಿಸುವ ಬಗೆಯೇ ಮುಖ್ಯವೆಂಬ ಪಾಠ ಇಲ್ಲಿದೆ.

ಆಡಳಿತ ದಾರಿ ತಪ್ಪಿದಾಗ ದಂಡ ತೆರುವವರು ವಿದ್ಯಾರ್ಥಿಗಳು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ತನ್ನ ವ್ಯಾಪ್ತಿಯನ್ನು ಮೀರಿ, ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಹೊರರಾಜ್ಯಗಳಲ್ಲಿಯೂ ಕೋರ್ಸುಗಳನ್ನು ನಡೆಸಿತು. 2012-13ರ ನಂತರ ಅದಕ್ಕೆ ಮಾನ್ಯತೆಯಿಲ್ಲವೆಂದು ಆಯೋಗ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಈ ನಡುವೆ ಓದಿದವರು ಪದವಿಪತ್ರ ಹಿಡಿದು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕಾಲೇಜಿಗೆ ಹೋಗಲಾಗದೆ ದುಡಿಯುತ್ತಲೇ ಓದುವವರಿಗಾಗಿ ಹುಟ್ಟಿದ ಸಂಸ್ಥೆ ಅದೆಂಬುದನ್ನು ನೆನೆದರೆ ಆ ನಷ್ಟದ ಆಳ ಅರಿವಾಗುತ್ತದೆ.

ರಾಜಕಾರಣಿಗಳತ್ತ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ. ಕುಲಪತಿ ಸ್ಥಾನ ತೆರವಾದೊಡನೆ "ನಮ್ಮವರಿಗೆ ಕೊಡಿಸಿ" ಎಂದು ಮಂತ್ರಿಗಳ ಮನೆಗೆ ನಿಯೋಗ ಒಯ್ಯುವ ಪರಿಪಾಠ ಎಲ್ಲ ಸಮುದಾಯಗಳಲ್ಲಿದೆ, ನಮ್ಮಲ್ಲಿಯೂ ಇದೆ. ಮಠಗಳ ಶಿಫಾರಸು ಪತ್ರ ಬಯಸಿ ಬರುವವರೂ ಇದ್ದಾರೆ. ಹಾಗೆ ಹುದ್ದೆ ಪಡೆದವರು ಮೊದಲು ತೀರಿಸುವುದು ಶಿಫಾರಸಿನ ಋಣವನ್ನು. ನೇಮಕಾತಿ, ಗುತ್ತಿಗೆ, ಸಂಯೋಜನೆಗಳಲ್ಲಿ ಅದರ ಬಡ್ಡಿಯೂ ಸಲ್ಲುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಮುನ್ನಡೆಸಿದ ಡಾ. ಡಿ.ಸಿ. ಪಾವಟೆಯವರನ್ನು ನಾಡು ಇಂದಿಗೂ ಸ್ಮರಿಸುತ್ತಿರುವುದು ಅವರು ಕಟ್ಟಿದ ವಿದ್ಯಾಕೇಂದ್ರಕ್ಕಾಗಿ. ಅದರ ಫಲ ಸರ್ವ ಸಮುದಾಯಗಳ ಮಕ್ಕಳಿಗೂ ದಕ್ಕಿದೆ.

ಆದ್ದರಿಂದ ನಾವು ಕೇಳಬೇಕಾದ ಬೇಡಿಕೆಗಳು ಬೇರೆ. ಶೋಧನಾ ಸಮಿತಿ ಸೂಚಿಸಿದ ಹೆಸರುಗಳೂ ಆಯ್ಕೆಯ ಕಾರಣಗಳೂ ಪ್ರಕಟವಾಗಲಿ. ಸಿಂಡಿಕೇಟಿನ ನಾಮನಿರ್ದೇಶಿತ ಸದಸ್ಯರ ಅರ್ಹತೆ ಜನರಿಗೆ ತಿಳಿಯಲಿ. ಲೆಕ್ಕಪರಿಶೋಧನೆಯ ಆಕ್ಷೇಪಗಳಿಗೆ ಗೊತ್ತಾದ ಅವಧಿಯೊಳಗೆ ಉತ್ತರ ಬರಲಿ. ಕುಲಪತಿಗಳು ಅಧಿಕಾರಾವಧಿಯ ಕೊನೆಗೆ ತಮ್ಮ ಕಾರ್ಯದ ವರದಿಯನ್ನು ವಿದ್ಯಾರ್ಥಿಗಳ ಮುಂದಿಡಲಿ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಭಂಡಾರ ಬರಿದಾಗಿದೆಯೆಂದು ಚಾಡಿಕೋರರು ದೂರಿದಾಗ ಎಲ್ಲರೆದುರು ಎಣಿಕೆ ನಡೆಯಿತೆಂದೂ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದೂ ನಮ್ಮ ಪರಂಪರೆ ನೆನೆಯುತ್ತದೆ. ಅಧಿಕಾರವನ್ನು ಕಾಯಕವೆಂದು ಬಗೆದವರಿಗೆ ಲೆಕ್ಕ ಒಪ್ಪಿಸುವುದು ಅವಮಾನವೆನಿಸದು. ಶರಣರ ವಾರಸುದಾರರೆನಿಸಿಕೊಳ್ಳುವ ನಾವು ಶಿಫಾರಸು ಕೇಳುವುದನ್ನು ಬಿಟ್ಟು ಲೆಕ್ಕ ಕೇಳುವುದನ್ನು ರೂಢಿಸಿಕೊಳ್ಳೋಣ. ಕುಲಪತಿಗಳು ನಮ್ಮವರೇ ಆಗಿದ್ದಾಗ ಆ ಲೆಕ್ಕವನ್ನು ಮೊದಲು ಕೇಳಬೇಕಾದವರೂ ನಾವೇ.