ಅಂಗಡಿ ನಿಮ್ದು, ಇಮೇಲ್ ಕೀಲಿ ಯಾರ ಕೈಯಾಗೈತಿ?

ಹಾವೇರಿ: ಜಿಲ್ಲೆಯ ಯಾವುದೇ ಪೇಟೆಯಲ್ಲಿ ಅಂಗಡಿ ಬೋರ್ಡ್ ನೋಡಿ. ಮೊಬೈಲ್ ನಂಬರ್ ಇರುತ್ತೆ, ಕೆಲವು ಕಡೆ ಕೆಳಗೆ ಒಂದು ಜಿಮೇಲ್ ವಿಳಾಸವೂ ಇರುತ್ತೆ. ಅದರ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಕೇಳಿದರೆ ಮಾಲೀಕರು ಮಗನ ಕಡೆಗೋ, ಲೆಕ್ಕ ಬರೆಯುವವರ ಕಡೆಗೋ ಬೆರಳು ತೋರಿಸೋದು ಹೊಸದೇನಲ್ಲ. ‘ವಾಟ್ಸಾಪ್ ಐತಲ್ರೀ, ಇಮೇಲ್ ಯಾಕ ಬೇಕು’ ಅನ್ನೋದು ಇನ್ನೊಂದು ಮಾತು.

ಬೇಕು. ಯಾಕಂದ್ರೆ ವ್ಯಾಪಾರ ಊರಿನ ಗಡಿ ದಾಟಿದ ಕೂಡಲೇ ಕಾಗದ ಪತ್ರ ಇಮೇಲ್‌ಗೆ ಬರುತ್ತೆ. 2011ರಲ್ಲೇ ಜಿಐ ಟ್ಯಾಗ್ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಹೊರ ರಾಜ್ಯದ ದೊಡ್ಡ ಕಂಪನಿಗೆ ಮಾರಬೇಕಂದ್ರೆ ಖರೀದಿ ಆರ್ಡರ್, ಲ್ಯಾಬ್ ವರದಿ, ಬಿಲ್ ಎಲ್ಲಕ್ಕೂ ಅವರು ಕೇಳೋದು ಇಮೇಲ್ ವಿಳಾಸವನ್ನೇ.

ಅದಕ್ಕಿಂತ ದೊಡ್ಡ ವಿಷಯ ಜಿಎಸ್‌ಟಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ, ನೋಂದಣಿ ವೇಳೆ ಕೊಟ್ಟ ಇಮೇಲ್‌ಗೆ ನೋಟಿಸ್ ಕಳಿಸಿದರೂ ಅದು ಕಾನೂನುಬದ್ಧ ಜಾರಿಯೇ. ನೀವು ತೆರೆದು ನೋಡಿಲ್ಲ ಅಂತ ಅದರ ಗಡುವು ನಿಲ್ಲಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎದ್ದ ಗದ್ದಲ ನೆನಪಿರಬಹುದು. ಆ ಭಯದಲ್ಲಿ ನೋಂದಣಿಗೆ ಓಡುವವರು ಅರ್ಜಿಯಲ್ಲಿ ಯಾರ ಇಮೇಲ್ ತುಂಬಿಸ್ತಾರೆ ಅನ್ನೋದನ್ನ ನೋಡ್ಕೋಬೇಕು. ಅರ್ಜಿ ಹಾಕಿಕೊಟ್ಟವರ ವಿಳಾಸ ಹೋಗಿದ್ದರೆ ಓಟಿಪಿ ಅವರಿಗೆ, ನೋಟಿಸೂ ಅವರಿಗೆ. ನಾಳೆ ಅವರ ಜೊತೆ ಮನಸ್ತಾಪ ಆದ್ರೆ?

ಹಾಗಾದ್ರೆ ಯಾವ ಇಮೇಲ್ ಸೇವೆ ಒಳ್ಳೇದು? ಎಲ್ಲರೂ ಮೊದಲು ಕೇಳೋದು ಇದನ್ನೇ, ಆದರೆ ಇದು ಎರಡನೇ ಪ್ರಶ್ನೆ. ಮೊದಲನೇದು, ವಿಳಾಸ ಯಾರ ಸ್ವತ್ತು ಅನ್ನೋದು. ಜಿಮೇಲ್ ಡಾಟ್ ಕಾಮ್ ವಿಳಾಸ ಗೂಗಲ್‌ನದ್ದು, ನೀವು ಅದರಲ್ಲಿ ಬಾಡಿಗೆ ಇಲ್ಲದೆ ಇರೋರು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನ ಅಳಿಸಬಹುದು ಅನ್ನೋದು ಗೂಗಲ್‌ನದೇ ನಿಯಮ. ಉಚಿತ 15 ಜಿಬಿ ಜಾಗದಲ್ಲಿ ಫೋಟೊ, ಡ್ರೈವ್ ಎಲ್ಲ ಸೇರಿರುತ್ತೆ. ಮದುವೆ ಫೋಟೊ ತುಂಬಿದ ಮೇಲೆ ಪಾರ್ಟಿಯ ಆರ್ಡರ್ ಒಳಗೆ ಬರಲ್ಲ.

ಅಂಗಡಿ ಹೆಸರಲ್ಲೇ ಒಂದು ಡಾಟ್ ಇನ್ ಡೊಮೇನ್ ತಗೊಂಡರೆ ವಿಳಾಸ ನಿಮ್ಮ ಕೈಗೆ ಬರುತ್ತೆ. ವರ್ಷಕ್ಕೆ ಸಾಮಾನ್ಯವಾಗಿ ಸಾವಿರದ ಆಸುಪಾಸಿನ ಖರ್ಚು. ಸೇವೆ ಸರಿ ಬರಲಿಲ್ಲ ಅಂದ್ರೆ ಹಳೇ ಮೇಲ್‌ಗಳ ನಕಲು ಇಟ್ಟುಕೊಂಡು, ಡೊಮೇನ್ ಸೆಟ್ಟಿಂಗ್‌ನಲ್ಲಿ ಎಂಎಕ್ಸ್ ದಾಖಲೆ ಬದಲಿಸಿ ಬೇರೆ ಕಂಪನಿಗೆ ಹೋಗಬಹುದು. ಗಿರಾಕಿಗೆ ಕೊಟ್ಟ ವಿಳಾಸ ಹಾಗೇ ಇರುತ್ತೆ.

ಇದು ಎಷ್ಟು ಮುಖ್ಯ ಅನ್ನೋದಕ್ಕೆ ನಯಾರಾ ಎನರ್ಜಿ ಉದಾಹರಣೆ ಸಾಕು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ಘಟಕ ಇರುವ ಈ ಕಂಪನಿಯಲ್ಲಿ ರಷ್ಯಾದ ರೋಸ್‌ನೆಫ್ಟ್ ಪಾಲು ಇದೆ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದ ಬೆನ್ನಲ್ಲೇ ಮೈಕ್ರೋಸಾಫ್ಟ್ ಅದರ ಔಟ್‌ಲುಕ್ ಇಮೇಲ್ ನಿಲ್ಲಿಸಿತು. ಲೈಸೆನ್ಸ್ ಹಣ ಪೂರ್ತಿ ಕಟ್ಟಿದ್ದೇವೆ ಅಂತ ಕಂಪನಿ ದಿಲ್ಲಿ ಹೈಕೋರ್ಟ್ ಮೆಟ್ಟಿಲೇರಿತು, ಅಷ್ಟರಲ್ಲಿ ರೆಡಿಫ್ ಸೇವೆಯನ್ನೂ ಹಿಡಿಯಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆ ವಾಪಸ್ ಬಂತು. ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ದರು. ನಮ್ಮ ಕಿರಾಣಿ ಸಗಟು ವ್ಯಾಪಾರಿಯ ಖಾತೆ ಲಾಕ್ ಆದ್ರೆ ಫೋನ್ ಮಾಡೋಕೆ ಒಂದು ನಂಬರೂ ಸಿಗೋದು ಕಷ್ಟ.

ಆ ವರ್ಷವೇ ಜೋಹೊ ಹೆಸರು ಎಲ್ಲೆಡೆ ಕೇಳಿಬಂತು. ಸುಮಾರು 12 ಲಕ್ಷ ಕೇಂದ್ರ ನೌಕರರ ಇಮೇಲ್ ಈ ಚೆನ್ನೈ ಮೂಲದ ಕಂಪನಿಯ ವೇದಿಕೆಗೆ ಹೋಯಿತು, ಅಕ್ಟೋಬರ್‌ನಲ್ಲಿ ಗೃಹ ಸಚಿವ ಅಮಿತ್ ಶಾ ಕೂಡ ಬದಲಾದರು. ಸ್ವದೇಶಿ ಅನ್ನೋದು ಒಳ್ಳೇ ಕಾರಣವೇ. ಆದರೆ ಅಂಗಡಿಯವರು ಮಂತ್ರಿ ಬಳಸ್ತಾರೆ ಅಂತ ತಗೋಬೇಕಾಗಿಲ್ಲ, ಲೆಕ್ಕ ಹಾಕಿ ತಗೊಂಡರೆ ಸಾಕು. ಜೋಹೊದಲ್ಲಿ ಸ್ವಂತ ಡೊಮೇನ್‌ಗೆ ಐದು ಜನರವರೆಗೆ ಉಚಿತ ಪ್ಲಾನ್ ಇದೆ. ಅದರಲ್ಲಿ ಔಟ್‌ಲುಕ್‌ನಂಥ ಹೊರಗಿನ ಸಾಫ್ಟ್‌ವೇರ್‌ಗೆ ಜೋಡಿಸೋಕೆ ಆಗಲ್ಲ, ಬ್ರೌಸರ್ ಅಥವಾ ಅವರದೇ ಆ್ಯಪ್‌ನಲ್ಲಿ ನೋಡ್ಕೋಬೇಕು. ಇಬ್ಬರು ಮೂವರು ಇರೋ ಅಂಗಡಿಗೆ ಇಲ್ಲಿಂದ ಶುರು ಮಾಡೋದೇ ಸರಿ ಅನಿಸುತ್ತೆ. ದಿನಾ ಗೂಗಲ್ ಶೀಟ್‌ನಲ್ಲೇ ಸ್ಟಾಕ್ ಬರೆಯುವವರಿಗೆ, ಗೂಗಲ್ ಮೀಟ್‌ನಲ್ಲಿ ಮಾತಾಡುವವರಿಗೆ ದುಡ್ಡು ಕೊಟ್ಟು ಗೂಗಲ್ ವರ್ಕ್‌ಸ್ಪೇಸ್ ತಗೊಳ್ಳೋದ್ರಲ್ಲಿ ಅರ್ಥ ಇದೆ. ಎಕ್ಸೆಲ್ ಬಿಟ್ಟು ಇರಲಾರದವರಿಗೆ ಮೈಕ್ರೋಸಾಫ್ಟ್.

ದುಡ್ಡಿನ ಪ್ಲಾನ್‌ಗಳ ದರ ತಲೆಗೆ ಇಷ್ಟು ಅಂತ ಇರುತ್ತೆ, ಮೇಲೆ 18% ಜಿಎಸ್‌ಟಿ. ಅದಕ್ಕೇ ಸೇಲ್ಸ್, ಅಕೌಂಟ್ಸ್, ಇನ್ಫೋ ಅಂತ ಮೂರು ಖಾತೆ ಕೊಳ್ಳಬೇಡಿ. ಒಂದೇ ಖಾತೆಗೆ ಏಲಿಯಾಸ್ ಅಂತ ಮೂರು ಹೆಸರು ಕೊಡಬಹುದು. ಇದನ್ನ ಮಾರೋಕೆ ಬಂದವರು ತಾವಾಗಿ ಹೇಳೋದು ಕಡಿಮೆ.

ಯಾವ ಕಂಪನಿ ಆದರೂ, ಡೊಮೇನ್ ಕೊಳ್ಳುವಾಗ ಮಾಲೀಕರ ಹೆಸರು, ಮಾಲೀಕರ ಮೊಬೈಲ್. ವೆಬ್‌ಸೈಟ್ ಮಾಡಿಕೊಡೋ ಹುಡುಗ ತನ್ನ ಖಾತೆಯಲ್ಲೇ ಕೊಂಡಿದ್ದರೆ ಇವತ್ತೇ ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳಿ. ರಿನ್ಯೂ ಮರೆತರೆ ಕೊನೆಗೆ ಆ ಹೆಸರನ್ನ ಬೇರೆಯವರು ಕೊಂಡು, ನಿಮಗೆ ಬರೋ ಮೇಲ್ ಅವರು ಓದಬಹುದು.

ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಅನ್ನೋ ಮೂರು ದಾಖಲೆ ಹಾಕಿಸೋದನ್ನೂ ಬಿಡಬೇಡಿ. ನಿಮ್ಮ ಡೊಮೇನ್ ಹೆಸರಲ್ಲಿ ಕಳ್ಳ ಮೇಲ್ ಹೋಗೋದನ್ನ ತಡೆಯೋಕೆ ಇವು. ಎಸ್‌ಪಿಎಫ್ ಅಥವಾ ಡಿಕೆಐಎಂ ಒಂದಾದರೂ ಇರಲೇಬೇಕು ಅಂತ ಜಿಮೇಲ್ 2024ರ ಫೆಬ್ರುವರಿಯಿಂದ ಹಟ ಹಿಡಿದಿದೆ, ಇಲ್ಲಾಂದ್ರೆ ನಿಮ್ಮ ಬಿಲ್ ಸ್ಪ್ಯಾಮ್‌ಗೆ ಹೋಗಿ ಬೀಳಬಹುದು. ಇಷ್ಟಾದರೂ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ’ ಅಂತ ಪಾರ್ಟಿ ಹೆಸರಲ್ಲಿ ಮೇಲ್ ಬಂದರೆ, ಹಳೇ ನಂಬರ್‌ಗೆ ಒಂದು ಫೋನ್ ಮಾಡದೆ ದುಡ್ಡು ಹಾಕಬೇಡಿ. ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಜಿಎಸ್‌ಟಿಯಲ್ಲಿ ಈಗಾಗಲೇ ಬೇರೆಯವರ ಇಮೇಲ್ ಇದ್ದರೆ ಪೋರ್ಟಲ್‌ಗೆ ಲಾಗಿನ್ ಆಗಿ ತಿದ್ದುಪಡಿ ಹಾಕಬಹುದು. ಲಾಗಿನ್ನೇ ಕೈಲಿಲ್ಲ ಅಂದ್ರೆ ದಾಖಲೆ ಹಿಡ್ಕೊಂಡು ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನ ಕಾಣಿ, ಇಮೇಲ್, ಮೊಬೈಲ್ ಎರಡನ್ನೂ ಅವರೇ ಬದಲಿಸಿಕೊಡಬಹುದು.