ದೇವರಗುಡ್ಡದ ಬಿಡಾರ

ಗುಡಾರ ಹೂಡಿ, ದೋಣಿಯೇರಿ ತೇಲಿದರೆ ಮಾತ್ರ ರಜೆಯ ವಿಹಾರವೆಂದು ಹಲವರ ಎಣಿಕೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಬಿಡಾರವೂ ವಿಹಾರವೇ, ದೋಣಿಯಿಲ್ಲದಿದ್ದರೇನು! ಅಲ್ಲಿ ಮಾಲತೇಶನ ಸನ್ನಿಧಿಯಲ್ಲಿ ಮಹಾನವಮಿಯಂದು ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಅದನ್ನು ಕೇಳಲು ಚಕ್ಕಡಿ ಕಟ್ಟಿಕೊಂಡು ಬಂದ ಕುಟುಂಬಗಳು ಬಯಲಿನಲ್ಲೇ ಇಳಿದುಕೊಳ್ಳುವುದು ಹಿಂದಿನಿಂದ ಬಂದ ವಾಡಿಕೆ. ಮೂರು ಕಲ್ಲುಗಳ ಒಲೆ, ಬುತ್ತಿಯ ಜೋಳದ ರೊಟ್ಟಿ, ಹೊದೆಯಲು ಕಂಬಳಿ. ಎತ್ತುಗಳಿಗೆ ನೀರು ತರುವ ಹುಡುಗನೂ ಸೌದೆ ಆಯುವ ಹುಡುಗಿಯೂ ಅಲ್ಲಿ ಬರಿಯ ನೋಟಕರಲ್ಲ.

ಈಗ ಮೋಟಾರಿನಲ್ಲಿ ಬಂದು, ಕಾರಣಿಕ ಮುಗಿದೊಡನೆ ಮರಳುವವರು ಬಹಳ. ಅವರಿಗೆ ವೇಳೆಯೇನೋ ಉಳಿಯುತ್ತದೆ. ಆದರೆ ಕಾರಣಿಕವು ಒಂದೇ ವಾಕ್ಯದ ಒಗಟು. ಅದು ಮಳೆಯ ಮಾತೋ, ಬೆಳೆಯ ಮಾತೋ ಎಂದು ಚಕ್ಕಡಿಯ ಮಗ್ಗುಲಲ್ಲಿ ಹಿರಿಯರು ಬಿಡಿಸುತ್ತ ಕುಳಿತಿರುವ ಆ ರಾತ್ರಿ ಮಕ್ಕಳ ಪಾಲಿಗೆ ತಪ್ಪಿಹೋಗುತ್ತದೆ.